ಹೋಗುವ ಮೊದಲೇ ಬರೆದ ವರದಿ

ಬಸವಕಲ್ಯಾಣ

ನಾವು ಎಸ್ಟೋನಿಯಾಕ್ಕೆ ಹೊರಡುವ ಮೂರು ದಿನ ಮೊದಲೇ ನಮ್ಮ ಪ್ರವಾಸದ ವರದಿ ತಯಾರಾಗಿತ್ತು. ಟೈಪ್ ಮಾಡಿಸಿ, ಪಿನ್ನು ಹೊಡೆದು, ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿಟ್ಟಿತ್ತು. ಎರಡೇ ಕಡೆ ಜಾಗ ಖಾಲಿ ಬಿಟ್ಟಿದ್ದರು: ನೋಡಿದ ಊರಿನ ಹೆಸರು, ನೋಡಿದ ಶಾಲೆಯ ಹೆಸರು. ಉಳಿದದ್ದೆಲ್ಲ ನೋಡದೆಯೇ ಗೊತ್ತಿತ್ತು.

ನಗಬೇಡಿ. ಕೆಳಗೆ ನನ್ನ ಸಹಿಯೂ ಇದೆ.

ನಾನು ಧನರಾಜ. ಬಸವಕಲ್ಯಾಣದವನು, ಕೊಹಿನೂರದ ಕಡೆ ಒಂದು ಶಾಲೆಯಲ್ಲಿ ಐದು, ಆರನೇ ಇಯತ್ತೆಗೆ ಗಣಿತ ಹೇಳುವ ಮಾಸ್ತರ. ಗಣಿತಕ್ಕಿಂತ ಹೆಚ್ಚು ಬರುವ ವಿದ್ಯೆ ಅಂದರೆ ಮಂದಿಯ ನಕಲು ಮಾಡುವುದು. ಬಸ್ಸಿನ ಕಂಡಕ್ಟರ್, ಕಿರಾಣಿ ಅಂಗಡಿಯ ಸಾವ್ಕಾರ, ತೆರೆಯದ ಕಿಟಕಿ ಹಿಂದೆ ಕೂತ ಕಚೇರಿ ಗುಮಾಸ್ತ, ಎಲ್ಲರೂ ನನ್ನ ಗಂಟಲೊಳಗೆ ಬಾಡಿಗೆಗೆ ಇದ್ದಾರೆ. ಒಂದು ದಿನ ತಪಾಸಣೆಗೆ ಬಂದ ಸಾಹೇಬರು ನನ್ನ ಕ್ಲಾಸಿನ ಮಕ್ಕಳು ಹೊಟ್ಟೆ ಹಿಡಿದು ನಗುವುದನ್ನು ಕಂಡು, ‘ಮಕ್ಕಳ ತೊಡಗಿಸಿಕೊಳ್ಳುವಿಕೆ ಅತ್ಯುತ್ತಮ’ ಎಂದು ಬರೆದು ಹೋದರು. ಆ ಒಂದು ಸಾಲೇ ನನ್ನನ್ನು ಅಲ್ಲಿಯ ಶಾಲೆಗಳ ಗುಂಪು ಕಲಿಕೆ ನೋಡಿ ಬರಲಿಕ್ಕೆ ಯುರೋಪಿಗೆ ಕಳಿಸಿದ್ದು. ಸಾಹೇಬರು ಒಳಗೆ ಬರುವ ಅರ್ಧ ನಿಮಿಷದ ಹಿಂದೆ ನಾನು ಅವರದೇ ನಡಿಗೆ ಮಾಡಿ ತೋರಿಸುತ್ತಿದ್ದೆ ಎನ್ನುವುದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಹೋಗುವ ಮುಂಚೆ ನನಗೊಂದು ಕೆಲಸ ಹಚ್ಚಿದ್ದರು. ಬಸವಕಲ್ಯಾಣ, ಹುಮನಾಬಾದ್ ಎರಡೂ ಕಡೆಯ ಮಾಸ್ತರ ಮಂದಿ ಗುಂಪು ಕಲಿಕೆ ಬಗ್ಗೆ ಏನಂತಾರೆ ಅಂತ ಕೇಳಿ ಬರೆದುಕೊಳ್ಳಬೇಕು. ಗುಂಪು ಕಲಿಕೆ ಅಂದರೆ ದೊಡ್ಡ ಗುಟ್ಟೇನಲ್ಲ. ಮಕ್ಕಳು ನಾಲ್ಕು ನಾಲ್ಕು ಮಂದಿ ಮುಖಾಮುಖಿ ಕೂತು, ತಮ್ಮತಮ್ಮಲ್ಲೇ ಮಾತಾಡಿ, ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯುವುದು. ಬಸವಕಲ್ಯಾಣದ ಒಬ್ಬ ಮೇಡಂ ತಮ್ಮ ಮಕ್ಕಳು ಪೂರಾ ತೊಡಗಿಕೊಂಡಿರುತ್ತಾರೆ ಎಂದರು. ಬೋರ್ಡಿನ ಮೇಲಿನದನ್ನು ಇಳಿಸಿಕೊಳ್ಳುವುದರಲ್ಲಿ ತಲೆ ಕೂಡ ಎತ್ತುವುದಿಲ್ಲವಂತೆ. ಘಾಟಬೋರಾಳದ ಕಡೆಯ ಒಬ್ಬರು ತಮ್ಮಲ್ಲಿ ಮೊದಲಿನಿಂದಲೂ ಗುಂಪು ಇವೆ ಎಂದರು: ಮುಂದಿನ ಬೆಂಚು ಒಂದು ಗುಂಪು, ಹಿಂದಿನ ಬೆಂಚು ಒಂದು ಗುಂಪು. ಮತ್ತೊಬ್ಬರ ಕ್ಲಾಸಿನಲ್ಲಿ ನೆಲದ ಮೇಲೆ ಸುಣ್ಣದ ಗುರುತುಗಳಿದ್ದವು. ಏನ್ರಿ ಇವು ಅಂತ ಕೇಳಿದರೆ, ಸಾಹೇಬರು ಬಂದ ದಿನ ಯಾವ ಡೆಸ್ಕು ಎಲ್ಲಿಗೆ ಸರಿಸಬೇಕು ಎನ್ನುವುದರ ನಿಶಾನಿ. ಜೀಪು ಗೇಟಿನೊಳಗೆ ಬರುವಷ್ಟರಲ್ಲಿ ಗುಂಪು, ಜೀಪು ತಿರುಗಿ ಗೇಟು ದಾಟುವಷ್ಟರಲ್ಲಿ ಸಾಲು. ಮಕ್ಕಳಿಗೆ ಅದರಷ್ಟು ಚೆನ್ನಾಗಿ ಬೇರೆ ಯಾವ ಪಾಠವೂ ಬರುತ್ತಿರಲಿಲ್ಲ.

ಎಲ್ಲಾ ಬರೆದುಕೊಂಡೆ. ಸಂಜೆ ಚಹಾದ ಅಂಗಡಿಯಲ್ಲಿ ಗೆಳೆಯರ ಮುಂದೆ ಒಬ್ಬೊಬ್ಬರ ದನಿ ತೆಗೆದು ಆಡಿ ತೋರಿಸಿದೆ. ನನ್ನ ಅಭಿಪ್ರಾಯ ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ನನ್ನ ಕ್ಲಾಸಿನಲ್ಲಿ ಎಲ್ಲರೂ ನಗುತ್ತಾರೆ, ಆದ್ದರಿಂದ ಎಲ್ಲರೂ ಕಲಿಯುತ್ತಾರೆ. ಪಾಠ ಮುಗಿದ ಮೇಲೆ ನಾನು ‘ತಿಳೀತೇನ್ರೋ’ ಅಂತೇನೆ, ಮಕ್ಕಳೆಲ್ಲ ಒಂದೇ ಉಸಿರಿಗೆ ‘ತಿಳೀತ್ರಿ ಸರ್’ ಅಂತಾವೆ. ಮುಂದಿನ ಸಾಲಿನಲ್ಲಿ ಭಾಗ್ಯ ಅಂತ ಒಬ್ಬಳಿದ್ದಾಳೆ. ಎರಡು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳಿದ್ದು ಅದೊಂದೇ ಮಾತು. ಆದರೆ ಎಲ್ಲರಿಗಿಂತ ಜೋರಾಗಿ ನಗುವವಳೂ ಅವಳೇ. ಇನ್ನೇನು ಬೇಕು?

ಹುಮನಾಬಾದ್ ಬಸ್ ಸ್ಟ್ಯಾಂಡ್

ಹೈದರಾಬಾದಿನ ಬಸ್ಸು ಹುಮನಾಬಾದಿನಲ್ಲಿ ಹತ್ತು ನಿಮಿಷ ನಿಂತಿತು. ಕಿಟಕಿಯಿಂದ ಒಂದು ಟವೆಲ್ಲು ಹಾರಿ ಬಂದು ನನ್ನ ಪಕ್ಕದ ಸೀಟಿನ ಮೇಲೆ ಬಿತ್ತು. ಟವೆಲ್ಲಿನ ಹಿಂದೆ ವೈಜನಾಥ ಸರ್ ಬಂದರು.

ವೈಜನಾಥ ಸರ್ ನನ್ನ ಜೊತೆ ಆಯ್ಕೆಯಾದ ಎರಡನೇ ಮಾಸ್ತರ. ಅದಕ್ಕಿಂತ ಮೊದಲು ಅವರು ನನ್ನ ಮಾಸ್ತರ. ಹುಮನಾಬಾದಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುವಾಗ ನಾನು ಮೂರು ವರ್ಷ ಅವರ ಕ್ಲಾಸಿನಲ್ಲಿ ಕೂತಿದ್ದೇನೆ. ಕೂತಿದ್ದೇನೆ ಅಷ್ಟೇ, ಮಾತಾಡಿಲ್ಲ. ಅವರ ಕ್ಲಾಸಿನಲ್ಲಿ ಯಾರೂ ಮಾತಾಡಿಲ್ಲ. ಅವರು ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ತುಟಿ ಮೇಲೆ ಒಂದು ಬೆರಳಿಡುತ್ತಿದ್ದರು. ಅಷ್ಟಕ್ಕೇ ಫ್ಯಾನು ಕೂಡ ಸಪ್ಪಳ ನಿಲ್ಲಿಸುತ್ತಿತ್ತು. ಆ ಬೆರಳಿನ ನಕಲು ನನ್ನ ಅಂಗಡಿಯ ಅತಿ ಹೆಚ್ಚು ಮಾರಾಟದ ಮಾಲು. ಲಗ್ನದಲ್ಲಿ, ತರಬೇತಿಯಲ್ಲಿ, ಎಲ್ಲಿ ಕೂತರೂ ಮಂದಿ ‘ವೈಜನಾಥ ಸರ್ ಮಾಡೋ’ ಅಂತಾರೆ. ಇದೂ ಅವರಿಗೆ ಗೊತ್ತಿಲ್ಲ ಎಂದೇ ತಿಳಿದಿದ್ದೆ.

ಕೂತವರೇ ಬ್ಯಾಗಿನಿಂದ ಫೈಲು ತೆಗೆದರು.

“ಸಹಿ ಮಾಡು.”

“ಏನ್ರಿ ಸರ್ ಇದು?”

“ನಮ್ಮ ವರದಿ. ಬಂದ ಮ್ಯಾಲ ಯಾರಿಗೆ ಟೈಮ್ ಸಿಗ್ತದ?”

ಓದಿದೆ. ‘ಗುಂಪು ಕಲಿಕೆಯು ಅತ್ಯುತ್ತಮ ಪದ್ಧತಿಯಾಗಿದ್ದರೂ, ನಮ್ಮ ಭಾಗದ ಪರಿಸ್ಥಿತಿಗೆ ಹೊಂದಿಕೆಯಾಗುವುದಿಲ್ಲವೆಂದು ಪ್ರತ್ಯಕ್ಷ ವೀಕ್ಷಣೆಯಿಂದ ಕಂಡುಬಂದಿದೆ.’ ಬಸ್ಸು ಇನ್ನೂ ಹುಮನಾಬಾದ್ ಬಿಟ್ಟಿರಲಿಲ್ಲ. ಪ್ರತ್ಯಕ್ಷ ವೀಕ್ಷಣೆಗೆ ಎದುರಿಗೆ ಇದ್ದದ್ದು ಒಂದು ಬಾಳೆಹಣ್ಣಿನ ಬಂಡಿ.

ಈ ಕಾಗದದ ತೂಕ ನನಗೆ ಗೊತ್ತಿತ್ತು. ನಾವು ತಿರುಗಿ ಬಂದ ಮೇಲೆ ಹುಮನಾಬಾದಿನಲ್ಲಿ ಎರಡೂ ಕಡೆಯ ಮಾಸ್ತರರ ಸಭೆ. ನಮ್ಮಿಬ್ಬರ ವರದಿ ನೋಡಿ ಸಾಹೇಬರು ತೀರ್ಮಾನ ಮಾಡುತ್ತಾರೆ: ಮುಂದಿನ ವರ್ಷ ನಮ್ಮ ಶಾಲೆಗಳಲ್ಲಿ ಮಕ್ಕಳು ಗುಂಪಿನಲ್ಲಿ ಕೂಡಬೇಕೋ, ಸಾಲಿನಲ್ಲೋ. ಗೊತ್ತಿದ್ದೂ ಸಹಿ ಮಾಡಿದೆ. ಒಂದನೆಯದು, ವೈಜನಾಥ ಸರ್ ಪೆನ್ನು ಮುಂದೆ ಹಿಡಿದರೆ ನನ್ನ ಕೈ ಇವತ್ತಿಗೂ ಏಳನೇ ಇಯತ್ತೆಗೆ ಹೋಗುತ್ತದೆ. ಎರಡನೆಯದು, ನನಗೇನು? ನನ್ನ ಮಕ್ಕಳು ಸಾಲಿನಲ್ಲಿ ಕೂತರೂ ನಗುತ್ತವೆ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸರ್ ಅವರ ಕಿಸೆಯಿಂದ ಬಿಳಿ ತುಂಡೊಂದು ಹೊರಬಿತ್ತು. ಇದೇನು ಅಂತ ಕಾವಲಿನವನು ಸಂಶಯದಿಂದ ಕೇಳಿದ. ಸರ್ ಅದನ್ನು ಎತ್ತಿಕೊಂಡರು. ಅವನ ಟ್ರೇ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು ತೋರಿಸಿದರು. ಚಾಕ್‌ಪೀಸು. ಮೂವತ್ತು ವರ್ಷದಿಂದ ಅವರ ಬಲಗೈ ಅದಿಲ್ಲದೆ ಮನೆ ಬಿಟ್ಟಿಲ್ಲವಂತೆ.

ಟಾಲಿನ್: ಮಾತಿಲ್ಲದ ಬಸ್ಸು

ಟಾಲಿನ್ ಎಸ್ಟೋನಿಯಾದ ರಾಜಧಾನಿ. ಹಳೆಯ ಕೋಟೆ, ಚೂಪು ಗೋಪುರ, ಕಲ್ಲು ಹಾಸಿದ ಓಣಿ ಎಲ್ಲ ಇವೆ, ಚಿತ್ರದಲ್ಲಿ ನೋಡಿಕೊಳ್ಳಿ. ಕೋಟೆ ನಮ್ಮ ಬಸವಕಲ್ಯಾಣದಲ್ಲೂ ಇದೆ, ಅದರ ಬಗ್ಗೆ ನಾನು ಯಾರಿಗೂ ಕೊರೆದಿಲ್ಲ. ನಾನು ಹೇಳಬೇಕಾದದ್ದು ಅಲ್ಲಿಯ ಸಿಟಿ ಬಸ್ಸಿನ ಕಥೆ.

ಬಸ್ಸು ಬಂದ ಕೂಡಲೇ ಸರ್ ರೂಢಿಯಂತೆ ಟವೆಲ್ಲು ಎಸೆದು ಸೀಟು ಹಿಡಿದರು. ಒಬ್ಬ ಅಜ್ಜಿ ಆ ಟವೆಲ್ಲನ್ನು ಎತ್ತಿ, ಮಡಚಿ, ಬಿದ್ದಿತ್ತು ಅನ್ನುವಂತೆ ಅವರ ಕೈಗೆ ಕೊಟ್ಟಳು. ಸರ್ ಮತ್ತೆ ಹಾಕಿದರು. ಅಜ್ಜಿ ಮತ್ತೆ ಎತ್ತಿ ಕೊಟ್ಟಳು. ಮೂರನೇ ಸಲ ಹಾಕುವ ಧೈರ್ಯ ಅವರಿಗಿರಲಿಲ್ಲ. ನೋಡಿದರೆ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ.

ಖಾಲಿ ಇದ್ದದ್ದು ಸೀಟಷ್ಟೇ ಅಲ್ಲ, ಮಾತೂ ಖಾಲಿ. ಇಪ್ಪತ್ತು ಮಂದಿ ಕೂತಿದ್ದಾರೆ, ಉಸಿರಿನ ಸಪ್ಪಳ ಕೇಳುತ್ತದೆ. ನಮ್ಮಲ್ಲಿ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವಷ್ಟರಲ್ಲಿ ಪಕ್ಕದವನ ಮಗಳಿಗೆ ಎಲ್ಲಿ ಸಂಬಂಧ ನೋಡಿದ್ದಾರೆ, ಅಳಿಯನಿಗೆ ಎಷ್ಟು ಎಕರೆ, ಸೊಂಟದ ನೋವಿಗೆ ಯಾವ ಡಾಕ್ಟರ್ ಎಲ್ಲ ತಿಳಿದಿರುತ್ತದೆ. ಇಳಿಯುವಾಗ ಅವನೇ ನಮ್ಮ ಚೀಲ ಇಳಿಸಿಕೊಡುತ್ತಾನೆ. ಇಲ್ಲಿ ಪಕ್ಕದವನನ್ನು ‘ಯಾವ ಊರ್ರಿ’ ಅಂತ ಕೇಳಿದರೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಾನೇನೋ.

ವೈಜನಾಥ ಸರ್ ಸುತ್ತಲೂ ನೋಡಿದರು. ಅವರ ಮುಖದಲ್ಲಿ ತವರಿಗೆ ಬಂದ ಕಳೆ.

“ನೋಡೋ ಧನ್ಯಾ,” ಅಂದರು ಪಿಸುಮಾತಿನಲ್ಲಿ, “ಇದು ಶಿಸ್ತು. ಇಂಥಾ ದೇಶದಾಗ ಗುಂಪು ಕಲಿಕಿ ಹ್ಯಾಂಗ ನಡೀತದ? ಸುಳ್ಳು ಹೇಳ್ಯಾರ ನಮಗ.”

ತಾರ್ತು ಎಂಬ ಊರಿಗೆ ಹೋಗುವ ರೈಲಿನಲ್ಲೂ ಅದೇ ಮೌನ. ಸರ್ ಅವರಿಗೆ ಹಸಿವಾಯಿತು. ಅಲ್ಲಿಯ ಊಟದಲ್ಲಿ ಯಾವುದರೊಳಗೆ ಮೀನು ಅಡಗಿದೆಯೋ ಎಂಬ ಅಂಜಿಕೆಯಿಂದ ಅವರು ಮನೆಯಿಂದ ಕಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲಿಕ್ಕೆ ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬಂದಿದ್ದರು. ಬುತ್ತಿಯ ಬಟ್ಟೆ ಬಿಚ್ಚಿದರು. ಒಂದು ರೊಟ್ಟಿ ಮುರಿದರು.

ಕಡಕ್ ರೊಟ್ಟಿ ಮುರಿಯುವಾಗ ಇಷ್ಟು ಸಪ್ಪಳ ಆಗುತ್ತದೆ ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಇಡೀ ರೈಲು ಡಬ್ಬಿ ತಿರುಗಿ ನೋಡಿತು. ಸರ್ ಕೈಯಲ್ಲಿ ಎರಡು ತುಂಡು ಹಿಡಿದು ಕಲ್ಲಾದರು. ಬಾಯಿಗೆ ಹಾಕಿದರೆ ಇನ್ನೂ ಜೋರು. ಕೊನೆಗೆ ತುಂಡನ್ನು ನೀರಿನ ಬಾಟಲಿಯ ಮುಚ್ಚಳದಲ್ಲಿ ನೆನೆಸಿ, ಮುದುಕರ ಹಾಗೆ ನುಂಗಿದರು. ಬಾಯಿ ಮುಚ್ಚಿಸುವ ಮಾಸ್ತರರಿಗೇ ಬಾಯಿ ಮುಚ್ಚಿಸಿದ ದೇಶ ಅಂತ ನಾನು ಒಳಗೊಳಗೇ ಕುಣಿದೆ. ಇದನ್ನು ಊರಿನಲ್ಲಿ ಹೇಗೆ ಆಡಿ ತೋರಿಸಬೇಕು ಎಂದು ತಾಲೀಮು ಕೂಡ ಶುರು ಮಾಡಿದೆ.

ಚಪ್ಪಲಿ ಬಿಡುವ ಶಾಲೆ

ಶಾಲೆ ತಾರ್ತುವಿನ ಹೊರಗೆ, ಗಿಡಗಳ ನಡುವೆ. ಬಾಗಿಲಲ್ಲೇ ಬೂಟು ಬಿಡಬೇಕು. ನಮ್ಮ ಗುಡಿ ಮಸೀದಿ ದರ್ಗಾಗಳಲ್ಲಿ ಬಿಡುತ್ತೇವಲ್ಲ, ಹಾಗೆ. ಗುಡಿಗೆ ಹೋಗುವಾಗ ನಾವು ಹರಿದ ಸಾಕ್ಸು ಹಾಕಿಕೊಂಡು ಹೋಗುವುದಿಲ್ಲ, ಅದೊಂದೇ ವ್ಯತ್ಯಾಸ. ನನ್ನ ಹೆಬ್ಬೆರಳು ಹೊರಗೆ ಬಂದು ಎಸ್ಟೋನಿಯಾ ನೋಡಿತು. ಅತಿಥಿಗಳಿಗೆಂದು ಬುಟ್ಟಿಯಲ್ಲಿ ಉಣ್ಣೆಯ ಚಪ್ಪಲಿ ಇಟ್ಟಿದ್ದರು. ಸರ್ ಅವರಿಗೆ ಕರಡಿ ಮುಖದ ಜೋಡಿ ಸಿಕ್ಕಿತು.

ನಮ್ಮನ್ನು ಕರೆದುಕೊಂಡು ಹೋದ ಟೀಚರ್ ಹೆಸರು ಲೀಸ್. ಸರ್ ಮೊದಲಿಗೆ ಶಾಲು ಹೊದಿಸಿ, ಹಾರ ಹಾಕಿ ಅವಳ ಸತ್ಕಾರ ಮಾಡಿದರು. ಅವಳು ಗಾಬರಿಯಿಂದ, ಇವನ್ನು ಯಾವಾಗ ವಾಪಸ್ ಕೊಡಬೇಕು ಅಂತ ನನ್ನನ್ನು ಕೇಳಿದಳು. ಆಮೇಲೆ ಕ್ಲಾಸಿನ ಬಾಗಿಲು ತೆಗೆದು ಒಳಗೆ ಹೋದಳು. ನಾನೂ ಹೋದೆ. ಸರ್ ಬಾಗಿಲಲ್ಲೇ ನಿಂತರು.

ನಿಂತೇ ಇದ್ದರು. ನನಗೆ ಅರ್ಥವಾಯಿತು. ನಮ್ಮಲ್ಲಿ ಮಾಸ್ತರ ಬಾಗಿಲಲ್ಲಿ ಕಂಡರೆ ಮಕ್ಕಳೆಲ್ಲ ಎದ್ದು ‘ನಮಸ್ತೇ ಸರ್’ ಎಂದು ರಾಗ ತೆಗೆಯಬೇಕು, ಮಾಸ್ತರ ಕೈ ಮಾಡಿ ಕೂಡಿಸಬೇಕು, ಆಮೇಲೆ ಒಳಗೆ ಕಾಲಿಡಬೇಕು. ಇಲ್ಲಿ ಯಾರೂ ತಲೆ ಎತ್ತಲಿಲ್ಲ. ಹತ್ತು ನಿಮಿಷದ ಮೇಲೆ ಲೀಸ್ ಬಂದು, ನಿಮ್ಮ ಸರ್ ಟ್ಯಾಕ್ಸಿ ಕಾಯುತ್ತಿದ್ದಾರೆಯೇ ಎಂದು ಕೇಳಿದಳು.

ಒಳಗೆ ಏನಿತ್ತು ಗೊತ್ತೇ? ಗದ್ದಲ. ಬಸ್ಸಿನಲ್ಲಿ ಕಾಣದ ಮಾತೆಲ್ಲ ಇಲ್ಲಿ ಬಂದು ಕೂತಿತ್ತು. ನಾಲ್ಕು ನಾಲ್ಕು ಮಕ್ಕಳು ಮೇಜಿನ ಸುತ್ತ, ಒಬ್ಬಳು ಹೇಳುತ್ತಾಳೆ, ಒಬ್ಬ ಅಲ್ಲ ಅಂತಾನೆ, ಒಬ್ಬ ಅಳಿಸುತ್ತಾನೆ. ನಮ್ಮಲ್ಲಿ ಬಸ್ಸು ಮಾತಾಡುತ್ತದೆ, ಕ್ಲಾಸು ಸುಮ್ಮನೆ ಕೂಡುತ್ತದೆ. ಅವರಲ್ಲಿ ಬಸ್ಸು ಸುಮ್ಮನೆ, ಕ್ಲಾಸು ಮಾತಾಡುತ್ತದೆ. ಒಂದು ಊರಿಗೆ ಇಷ್ಟು ಮಾತು ಎಂದು ದೇವರು ಅಳತೆ ಮಾಡಿ ಕೊಟ್ಟಿರಬೇಕು. ಅವರು ಎಲ್ಲಿ ಖರ್ಚು ಮಾಡುತ್ತಾರೆ, ನಾವು ಎಲ್ಲಿ ಖರ್ಚು ಮಾಡುತ್ತೇವೆ ಅಷ್ಟೇ.

ಕೊನೆಗೆ ಒಳಗೆ ಬಂದ ಕೂಡಲೇ ಸರ್ ಅವರ ಕೈ ಚಾಕ್‌ಪೀಸಿನ ಕಿಸೆಗೆ ಹೋಯಿತು. ಅಷ್ಟರಲ್ಲಿ ಮಾರ್ತಾ ಎಂಬ ಹುಡುಗಿ, ನಮ್ಮ ಭಾಗ್ಯಳಷ್ಟೇ ಎತ್ತರ, ಅವರ ಮುಂದೆ ಬಂದು ನಿಂತಳು. ಅವಳ ಗುಂಪಿನಲ್ಲಿ ಒಬ್ಬ ಜ್ವರದಿಂದ ಬಂದಿರಲಿಲ್ಲ. ಅಲ್ಲಿ ಪ್ರತಿ ಗುಂಪಿನಲ್ಲೂ ಪ್ರತಿಯೊಬ್ಬರಿಗೆ ಒಂದು ಕೆಲಸ: ಒಬ್ಬರು ಬರೆಯಬೇಕು, ಒಬ್ಬರು ಗಡಿಯಾರ ನೋಡಬೇಕು, ಒಬ್ಬರು ಕೊನೆಗೆ ಎದ್ದು ಹೇಳಬೇಕು, ಒಬ್ಬರು ಸಾಮಾನು ತರಬೇಕು. ನಮ್ಮಲ್ಲಿ ಗುಂಪು ಮಾಡಿದರೆ ಹುಷಾರ್ ಇದ್ದವನೊಬ್ಬ ಎಲ್ಲಾ ಮಾಡುತ್ತಾನೆ, ಉಳಿದ ಮೂವರು ಕೆಳಗೆ ಹೆಸರು ಬರೆಸುತ್ತಾರೆ. ನನ್ನ ವರದಿಯ ಸಹಿ ನೆನಪಾಯಿತು, ಮಾತು ಬದಲಿಸುತ್ತೇನೆ. ಮಾರ್ತಾ ಒಂದು ಚೀಟಿಯ ದಾರವನ್ನು ಸರ್ ಅವರ ಕೊರಳಿಗೆ ಹಾಕಿದಳು. ಲೀಸ್ ಇಂಗ್ಲಿಷಿನಲ್ಲಿ ಓದಿ ಹೇಳಿದಳು: ‘ಸಾಮಾನು ತರುವವರು’.

ಮೂವತ್ತು ವರ್ಷದ ಸರ್ವಿಸಿನ ವೈಜನಾಥ ಸರ್, ಕರಡಿ ಚಪ್ಪಲಿ ಹಾಕಿಕೊಂಡು, ಹನ್ನೊಂದು ವರ್ಷದ ಹುಡುಗಿ ಹೇಳಿದಾಗಲೆಲ್ಲ ಎದ್ದು ಹೋಗಿ ಕತ್ತರಿ ತಂದರು, ಅಂಟು ತಂದರು, ಕಾಗದ ತಂದರು. ಒಂದು ಸಲ ತಪ್ಪಿ ಬೇರೆ ಬಣ್ಣದ ಕಾಗದ ತಂದಾಗ ಅವಳು ಬೆರಳಾಡಿಸಿ ವಾಪಸ್ ಕಳಿಸಿದಳು. ಅವರು ಹೋದರು. ನಾನು ಎಲ್ಲವನ್ನೂ ತಲೆಯಲ್ಲಿ ಇಳಿಸಿಕೊಂಡೆ, ಊರಿಗೆ ಹೋದ ಮೇಲೆ ಹೊಸ ಮಾಲು ಅಂತ.

ಎರಡನೇ ದಿನ: ನನ್ನ ಪಾಠ

ಮರುದಿನ ನಾನು ಇಪ್ಪತ್ತು ನಿಮಿಷ ಪಾಠ ಮಾಡಬೇಕಿತ್ತು. ನನ್ನ ಇಂಗ್ಲಿಷು ಕುಂಟುತ್ತದೆ. ಆದರೆ ನಕಲಿಗೆ ಭಾಷೆ ಯಾಕೆ? ನಮ್ಮ ಊರಿನ ಶಾಲೆ ಹೇಗಿರುತ್ತದೆ ತೋರಿಸುತ್ತೇನೆ ಎಂದು ಶುರು ಮಾಡಿದೆ. ಬಸ್ಸಿನ ಗೇರು, ಕಂಡಕ್ಟರನ ಶೀಟಿ, ಕಿಟಕಿಯಿಂದ ಒಳಗೆ ಬಂದು ಹಾಜರಿ ಪುಸ್ತಕ ತಿನ್ನುವ ಆಡು. ಮೊದಲಿಗೆ ಮಕ್ಕಳು ಬಸ್ಸಿನ ಮಂದಿಯ ಹಾಗೆ ನೋಡಿದವು. ಆಡಿಗೆ ನಕ್ಕವು. ಒಮ್ಮೆ ನಗು ಸಿಕ್ಕರೆ ನಾನು ನಿಲ್ಲುವವನಲ್ಲ. ನನ್ನ ದೊಡ್ಡ ಐಟಂ ಹೊರಗೆ ತೆಗೆದೆ. ಎದೆ ಮುಂದೆ ಮಾಡಿ, ಕುತ್ತಿಗೆ ಗಟ್ಟಿ ಮಾಡಿ, ಕರಡಿ ಚಪ್ಪಲಿಯ ನಡಿಗೆಯನ್ನೂ ಸೇರಿಸಿ, ತುಟಿ ಮೇಲೆ ಬೆರಳಿಟ್ಟು ನಿಂತೆ.

ಮಕ್ಕಳು ನಕ್ಕವು. ಆಮೇಲೆ ನನ್ನ ಬೆನ್ನ ಹಿಂದೆ ನೋಡಿದವು. ಆಮೇಲೆ ನಗಲಿಲ್ಲ.

ಬಾಗಿಲಲ್ಲಿ ವೈಜನಾಥ ಸರ್ ನಿಂತಿದ್ದರು. ಅವತ್ತೂ ನಮಸ್ತೇ ಸಿಗುತ್ತದೇನೋ ಎಂದು ಕಾಯುತ್ತಿದ್ದರೇನೋ. ನನ್ನ ಬೆರಳು ಇನ್ನೂ ತುಟಿ ಮೇಲೇ ಇತ್ತು. ಅವರು ಒಳಗೆ ಬಂದು ಹಿಂದೆ ಕೂತರು.

ಆಗ ಮಾರ್ತಾ ಕೈ ಎತ್ತಿದಳು. ತುಂಬಾ ಚೆನ್ನಾಗಿತ್ತು ಎಂದಳು, ಮರ್ಯಾದೆಯಿಂದಲೇ. ಆಮೇಲೆ ಕೇಳಿದಳು:

“ನಮ್ಮ ಪಾಳಿ ಯಾವಾಗ?”

ಯಾವುದರ ಪಾಳಿ ಎಂದೆ. ಮಾಡುವುದರ ಪಾಳಿ ಎಂದಳು. ಈವರೆಗೆ ನೀವೊಬ್ಬರೇ ಮಾಡಿದಿರಲ್ಲ. ನಾನು ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ ಮುಗಿದು ಎರಡು ನಿಮಿಷ ಮೇಲಾಗಿತ್ತು.

ತಿರುಗಿ ಬರುವ ರೈಲು

ಟಾಲಿನ್ನಿನ ರೈಲಿನಲ್ಲಿ ನಾವಿಬ್ಬರೂ ಆ ದೇಶದವರಾಗಿಬಿಟ್ಟಿದ್ದೆವು. ಒಂದು ಗಂಟೆ ಒಂದು ಮಾತಿಲ್ಲ. ಹೊರಗೆ ಗಿಡ, ಮತ್ತೆ ಗಿಡ. ಸರ್ ಬುತ್ತಿ ಬಿಚ್ಚಿ ರೊಟ್ಟಿ ತೆಗೆದರು. ಈ ಸಲ ಅಂಜಲಿಲ್ಲ, ಕಟ್ ಎಂದು ಮುರಿದರು. ಡಬ್ಬಿ ತಿರುಗಿ ನೋಡಿತು. ಅರ್ಧ ನನ್ನ ಕೈಗೆ ಕೊಟ್ಟರು.

“ಬೆರಳು ಬಲಗೈದಲ್ಲ,” ಅಂದರು. “ಎಡಗೈದು. ಬಲಗೈಯಾಗ ಚಾಕ್ ಇರ್ತದ. ನಕಲು ಮಾಡೋದಿದ್ರ ಬರಾಬರ್ ಮಾಡು.”

ನಾನು ರೊಟ್ಟಿ ಕೆಳಗಿಟ್ಟೆ.

“ತಪ್ಪಾತ್ರಿ ಸರ್.”

“ಲಗ್ನದಾಗ, ಟ್ರೇನಿಂಗಿನಾಗ, ಎಲ್ಲಾ ಕಡೆ ಮಾಡ್ತಿ ಅಂತ ಕೇಳೀನಿ. ಹುಮನಾಬಾದ್ ಸಣ್ಣ ಊರು.”

ಇಷ್ಟು ಬೈಸಿಕೊಂಡ ಮೇಲೆ ಕಳೆದುಕೊಳ್ಳುವುದು ಏನೂ ಉಳಿದಿರಲಿಲ್ಲ. ವರದಿಯಿಂದ ನನ್ನ ಸಹಿ ತೆಗೀರಿ ಎಂದೆ. ಈ ಮಕ್ಕಳು ಮಾತಾಡಿದ ಹಾಗೆ ನಮ್ಮವೂ ಮಾತಾಡಬಹುದು, ಹೊಂದಿಕೆಯಾಗುವುದಿಲ್ಲ ಅಂತ ನಾವೇ ಹೇಗೆ ಬರೆಯುವುದು ಎಂದೆ. ಸರ್ ನನ್ನನ್ನೇ ನೋಡಿದರು.

“ಇಲ್ಲಿ ಕ್ಲಾಸಿಗೆ ಹದಿನಾರು ಹುಡುಗ್ರು. ನಮ್ಮಲ್ಲಿ ಒಂದ್ ಬೆಂಚಿಗೆ ಐದು. ಆ ಮಾತು ಬಿಡು. ನಿನ್ನ ಕ್ಲಾಸಿನಾಗ ಯಾರು ಮಾತಾಡ್ತಾರ?”

“ನನ್ನ ಹುಡುಗ್ರು ನಗ್ತಾವ್ರಿ ಸರ್.”

“ನಾ ಕೇಳಿದ್ದು ಮಾತು. ನನ್ನ ಕ್ಲಾಸಿನಾಗ ಅಂಜಿ ಸುಮ್ನ ಕೂಡ್ತಾರ, ನಿನ್ನ ಕ್ಲಾಸಿನಾಗ ನಕ್ಕೋತ ಸುಮ್ನ ಕೂಡ್ತಾರ. ಫರಕ್ ಏನದ ಹೇಳು?”

ನಾನು ಕಿಟಕಿಯ ಹೊರಗಿನ ಗಿಡ ಎಣಿಸತೊಡಗಿದೆ.

ಕೊನೆಗೆ ಅವರೇ ಶರ್ತ ಹಾಕಿದರು. ಹುಮನಾಬಾದಿನ ಸಭೆಗೆ ನಾನು ನನ್ನ ಮಕ್ಕಳನ್ನು ಕರೆದುಕೊಂಡು ಬರಬೇಕು. ಎಲ್ಲಾ ಮಾಸ್ತರರ ಮುಂದೆ ಒಂದು ಲೆಕ್ಕ ಕೊಟ್ಟು ನಲವತ್ತು ನಿಮಿಷ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ನಕಲಿಲ್ಲ, ಸನ್ನೆ ಇಲ್ಲ, ಕೆಮ್ಮೂ ಇಲ್ಲ. ಮಕ್ಕಳು ತಾವೇ ಬಿಡಿಸಿದರೆ ಅವರು ಫೈಲನ್ನು ಸಾಹೇಬರ ಕೈಗೆ ಕೊಡುವುದಿಲ್ಲ. ನಾನು ಒಂದು ಮಾತಾಡಿದರೂ ಕೊಡುತ್ತಾರೆ.

“ಗುಂಪು ಕಲಿಕಿ ಆಗ್ತದೋ ಇಲ್ಲೋ ಆಮ್ಯಾಲ ನೋಡಮು,” ಅಂದರು. “ಮೊದಲ ನೀ ಸುಮ್ನ ನಿಲ್ತಿಯೋ ಇಲ್ಲೋ ನೋಡಮು.”

ಹುಮನಾಬಾದ್

ನನ್ನ ಮಕ್ಕಳಿಗೆ ಹುಮನಾಬಾದಿಗೆ ಬರುವುದೇ ಪರದೇಶ ಪ್ರವಾಸ. ಬಸ್ಸಿನಲ್ಲಿ ಪ್ರಾಣಿ ಪಕ್ಷಿ ಕೂಡ ನಾಚುವಷ್ಟು ಕೂಗಿದವು. ಸಭೆಯ ಹಾಲಿನೊಳಗೆ ಕಾಲಿಟ್ಟವೋ ಇಲ್ಲವೋ, ಗೋಡೆಯ ಗುಂಟ ಕೂತ ಐವತ್ತು ಮಾಸ್ತರರನ್ನು ನೋಡಿ ತೆಪ್ಪಗಾದವು. ಸಾಹೇಬರು ನಡುವೆ ಕೂತಿದ್ದರು. ಅವರ ಪಕ್ಕದಲ್ಲಿ ವೈಜನಾಥ ಸರ್, ಮಡಿಲಲ್ಲಿ ಪ್ಲಾಸ್ಟಿಕ್ ಫೈಲು.

ಬೋರ್ಡಿನ ಮೇಲೆ ಬರೆದೆ: ಮೂರು ರೊಟ್ಟಿ, ನಾಲ್ಕು ಮಂದಿ, ಎಲ್ಲರಿಗೂ ಸಮ ಪಾಲು. ಮಕ್ಕಳನ್ನು ನಾಲ್ಕು ನಾಲ್ಕು ಮಂದಿ ಕೂಡಿಸಿ, ಇವತ್ತು ನಾನು ಮಾತಾಡುವುದಿಲ್ಲ, ಪಾಳಿ ನಿಮ್ಮದು ಎಂದೆ. ಬಾಯಿ ಮುಚ್ಚಿದೆ.

ಮಕ್ಕಳು ನನ್ನ ಮುಖ ನೋಡಿ ನಗಲಿಕ್ಕೆ ತಯಾರಾದವು. ಏನೋ ಮಾಡುತ್ತಾನೆ ಅಂತ. ನಾನು ಏನೂ ಮಾಡಲಿಲ್ಲ. ಒಂದು ನಿಮಿಷ. ಎರಡು ನಿಮಿಷ. ಐದು. ನಾಲಿಗೆ ಬಾಯಿಯೊಳಗೆ ಕಟ್ಟಿಹಾಕಿದ ಎತ್ತಿನ ಹಾಗೆ ಎಳೆಯುತ್ತಿತ್ತು. ಸಾಹೇಬರು ಗಡಿಯಾರ ನೋಡಿದರು. ಸುಣ್ಣದ ಗುರುತಿನ ಮಾಸ್ತರರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ವೈಜನಾಥ ಸರ್ ಫೈಲಿನ ಮೇಲೆ ಬೆರಳು ಬಡಿಯುತ್ತ ಕೂತಿದ್ದರು. ಎಂಟನೇ ನಿಮಿಷದಲ್ಲಿ ನಾನು ಸೋತೆ ಅಂದುಕೊಂಡೆ.

ಆಗ ಭಾಗ್ಯ ಎದ್ದಳು. ಎರಡು ವರ್ಷದಲ್ಲಿ ಒಂದೇ ಮಾತಾಡಿದ ಭಾಗ್ಯ. ಕೂದಲಲ್ಲಿ ಒಂದು ಕೈ ಆಡಿಸಿದಳು, ಇನ್ನೊಂದು ಕೈ ಸೊಂಟಕ್ಕೆ ಇಟ್ಟಳು, ಎರಡು ಹೆಜ್ಜೆ ಕುಣಿದ ಹಾಗೆ ನಡೆದಳು.

“ಹೇಳ್ರಿ ನೋಡಮು, ಮೂರು ರೊಟ್ಟಿ ನಾಕು ಮಂದಿ, ಒಬ್ಬಬ್ಬರಿಗೆ ಎಷ್ಟು? ಯಾರು ಹೇಳ್ತೀರಿ? ಬ್ಯಾಡ ಬಿಡ್ರಿ, ನಾನ ಹೇಳ್ತೇನಿ. ತಿಳೀತೇನ್ರೋ?”

ಎಲ್ಲಾ ಒಂದೇ ಉಸಿರಿನಲ್ಲಿ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ನೊಣ ಕೂಡ ಹಾಯಲಿಕ್ಕೆ ಜಾಗವಿರಲಿಲ್ಲ. ಮಕ್ಕಳೆಲ್ಲ ರೂಢಿಯಂತೆ ‘ತಿಳೀತ್ರಿ ಸರ್’ ಎಂದವು. ಹಾಲಿನಲ್ಲಿ ನಗು ಸಿಡಿಯಿತು. ಐವತ್ತು ಮಂದಿ ಮಾಸ್ತರರು, ನಾನು ಒಬ್ಬೊಬ್ಬರನ್ನಾಗಿ ಆಡಿ ತೋರಿಸಿ ಮಾರಿಕೊಂಡವರು, ಬಡ್ಡಿ ಸಮೇತ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಹುಡುಗಿ ನನ್ನನ್ನು ಬರಾಬರ್ ಹಿಡಿದಿದ್ದಳು. ನಾನು ಸರ್ ಅವರ ಕೈ ತಪ್ಪು ಹಿಡಿದ ಹಾಗಲ್ಲ.

ಭಾಗ್ಯ ಕೂತಳು. “ಇವತ್ತ ಸರ್ ಹೇಳಾಂಗಿಲ್ಲಂತ,” ಎಂದಳು ತನ್ನ ಗುಂಪಿಗೆ. “ನಾವ ಮಾಡಮು.”

ಅವಳ ಗುಂಪು ಬಾಯಿ ಬಿಟ್ಟಿತು, ಅವರನ್ನು ನೋಡಿ ಪಕ್ಕದ ಗುಂಪು ಬಿಟ್ಟಿತು, ನೋಡುತ್ತಿದ್ದಂತೆ ಹಾಲಿನ ತುಂಬ ಗದ್ದಲ. ಬಸ್ಸಿನ ಮಾತೆಲ್ಲ ಕ್ಲಾಸಿಗೆ ಇಳಿದಿತ್ತು. ವೈಜನಾಥ ಸರ್ ಎದ್ದು ನಿಂತರು. ಗದ್ದಲ ನಿಲ್ಲಿಸುತ್ತಾರೆ ಎಂದು ಎಲ್ಲರೂ ತಿಳಿದರು. ಅವರ ಕೈ ಚಾಕ್‌ಪೀಸಿನ ಕಿಸೆಗೆ ಹೋಗಿಯೂ ಇತ್ತು.

“ಅಜ್ಜಾ ಸರ್,” ಭಾಗ್ಯ ಕೂಗಿದಳು, “ಕಾಗದ ಬೇಕ್ರಿ. ರೊಟ್ಟಿ ಬರೀಬೇಕು.”

ಅವರು ಸುತ್ತ ನೋಡಿದರು. ಕಾಗದ ಎಲ್ಲೂ ಇರಲಿಲ್ಲ. ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಫೈಲು ತೆರೆದು, ಪಿನ್ನು ಬಿಚ್ಚಿ, ವರದಿಯ ಹಾಳೆಗಳನ್ನು ಖಾಲಿ ಮಗ್ಗುಲು ಮೇಲೆ ಮಾಡಿ ಅವಳ ಮುಂದೆ ಇಟ್ಟರು. ಕಾಗದ ತರಲಿಕ್ಕೆ ಅವರಿಗೆ ಈಗ ಅನುಭವವಿತ್ತು.

ಭಾಗ್ಯಳ ಗುಂಪು ಮೂರು ರೊಟ್ಟಿಯ ಚಿತ್ರ ಬರೆಯಿತು. ಮೂರನ್ನೂ ಎರಡೆರಡು ತುಂಡು ಮಾಡಿತು. ನಾಲ್ಕು ಮಂದಿಗೆ ಅರ್ಧ ಅರ್ಧ ಹಂಚಿತು. ಎರಡು ತುಂಡು ಉಳಿದವು. ಒಬ್ಬ ಅವುಗಳ ಪಕ್ಕದಲ್ಲಿ ಬರೆದ: ‘ಉಳಿದದ್ದು ಸರ್‌ಗೆ.’

ಅಯ್ಯೋ, ತಪ್ಪು. ಇನ್ನೊಂದೇ ಹೆಜ್ಜೆ. ಆ ಎರಡನ್ನೂ ಮುರೀರೋ, ಪಾವ ಪಾವ ಮಾಡ್ರೋ! ಮೂವತ್ತೆಂಟು ನಿಮಿಷ ತಡೆದ ಮಾತು ಹಲ್ಲಿನ ತನಕ ಬಂತು. ನನ್ನ ಬಾಯಿ ತೆರೆಯಿತು. ಖರೇ ಹೇಳುತ್ತೇನೆ, ತೆರೆಯಿತು. ಅಷ್ಟರಲ್ಲಿ ನನ್ನ ಕಣ್ಣು ಸರ್ ಅವರ ಮೇಲೆ ಬಿತ್ತು.

ಅವರು ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು. ಎಡಗೈ ಬೆರಳು, ಬಲಗೈಯಲ್ಲಿ ಚಾಕ್. ಮಕ್ಕಳ ಕಡೆಗಲ್ಲ, ನನ್ನ ಕಡೆಗೆ.

ಬಾಯಿ ಮುಚ್ಚಿದೆ.

ಭಾಗ್ಯ ಆ ಎರಡು ತುಂಡನ್ನೇ ನೋಡುತ್ತ ಕೂತಿದ್ದಳು. “ಸರ್‌ಗ್ಯಾಕ?” ಎಂದಳು. “ಸರ್ ನಮ್ಮ ಗುಂಪಿನಾಗ ಇಲ್ಲಲ್ಲ.” ಪೆನ್ಸಿಲ್ ತಗೊಂಡು ಎರಡನ್ನೂ ನಡುವೆ ಸೀಳಿದಳು. “ಅರ್ಧ, ಮ್ಯಾಲ ಒಂದ್ ಪಾವ. ಒಬ್ಬಬ್ಬರಿಗೆ ಪೌಣ ರೊಟ್ಟಿ.” ಪಾವ ಅಂದರೆ ಕಾಲು, ಪೌಣ ಅಂದರೆ ಮುಕ್ಕಾಲು. ಹಿಂದಿನ ಗುಂಪಿನವನೊಬ್ಬ ಒಪ್ಪಲಿಲ್ಲ, ಎದ್ದು ಬಂದ. ಅವನಿಗೆ ಅವಳು ಮೊದಲಿನಿಂದ ಮತ್ತೆ ಹೇಳತೊಡಗಿದಳು. ಕೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಿದ್ದಳು. ಅದು ನನ್ನ ನಕಲಾಗಿರಲಿಲ್ಲ.

ನಲವತ್ತು ನಿಮಿಷ ಆಯಿತು. ಸಾಹೇಬರು ಕನ್ನಡಕ ಏರಿಸಿ ವೈಜನಾಥ ಸರ್ ಕಡೆ ತಿರುಗಿದರು.

“ಮಾಸ್ತರೇ, ನಿಮ್ಮ ವರದಿ ಎಲ್ಲಿ?”

ಸರ್ ಭಾಗ್ಯಳ ಗುಂಪಿನ ಕಡೆ ಕೈ ಮಾಡಿದರು.

“ಅಲ್ಲೇ ಅದರಿ ಸಾಹೇಬ್ರ. ಇನ್ನಾ ಬರಿಯಾಕತ್ತಾರ.”